ಹುಣಸೆಹುಳಿ ತಿಂದ ಚಿಪ್ಪು

ಹಲಸೂರು ಕೆರೆಯ ಕಡೆಯಿಂದ ಸೋಮೇಶ್ವರನ ಗುಡಿಗೆ ಬರುವ ದಾರಿಯಲ್ಲಿ ಒಂದು ಹಳೆಯ ವಠಾರವಿತ್ತು. ಅದರ ತುದಿಮನೆಗೆ ‘ಕಲ್ಲು ಮೇಷ್ಟ್ರ ಮನೆ’ ಎಂದು ಹೆಸರು. ಹೆಸರಿಟ್ಟವರಲ್ಲಿ ಕುಚೋದ್ಯ ಎಷ್ಟಿತ್ತೋ ಗೌರವವೂ ಅಷ್ಟೇ ಇತ್ತು ಅನ್ನಿ. ಮೇಷ್ಟ್ರು ಎಂದರೆ ಭಗವಂತರಾಯರು. ಕಂಟೋನ್ಮೆಂಟಿನ ಕಡೆಯ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದರು, ಮದುವೆಯಾಗಿರಲಿಲ್ಲ, ಮಾತು ಬಲು ಕಮ್ಮಿ. ಬೇರೆಯವರು ಷೋಕೇಸಿನಲ್ಲಿ ಗೊಂಬೆ ಜೋಡಿಸಿದರೆ ಇವರ ಮನೆಯಲ್ಲಿ ಮಂಚದ ಕೆಳಗೆ, ಅಟ್ಟದ ಮೇಲೆ, ಕೊನೆಗೆ ಅಕ್ಕಿ ಡಬ್ಬಿಯ ಪಕ್ಕದಲ್ಲೂ ಕಲ್ಲಾಗಿ ಹೋದ ಕಪ್ಪೆಚಿಪ್ಪುಗಳು. ಆ ಕಲ್ಲುಗಳ ನಡುವೆ ಕಾಲಿಡಲು ಜಾಗ ಮಾಡಿಕೊಂಡು, ಗುಡಿಸಿ ಸಾರಿಸಿ, ಬೇಯಿಸಿ ಬಡಿಸಿ ಬದುಕಿದವಳು ಅವರ ತಂಗಿ ಸುಭದ್ರಮ್ಮ. ಇದು ಅವಳ ಕಥೆ.

ಊರು ಕಲಬುರ್ಗಿ ಕಡೆಯದು. ಗಂಡ ತೀರಿಕೊಂಡಾಗ ಸುಭದ್ರಮ್ಮನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ, ಮಕ್ಕಳೂ ಇರಲಿಲ್ಲ. ಗಂಡನ ಮನೆಯವರು ಅವಳನ್ನು ಹೊರಗೆ ಹಾಕಲಿಲ್ಲ. ಇರು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಅಣ್ಣ ಬಂದ, ಒಂದು ಲೋಟ ಚಹಾ ಕುಡಿದ, “ನಡಿ” ಎಂದ. ಅಷ್ಟೇ. ಅಂದಿನಿಂದ ಬೆಂಗಳೂರೇ ಊರಾಯಿತು. ಬೆಳಗಾಗುವ ಮೊದಲೇ ಮಿಲಿಟರಿಯವರ ಬ್ಯೂಗಲ್ಲು ಕೇಳುವ, ತರಕಾರಿಯವಳು ತಮಿಳಿನಲ್ಲಿ ಕೂಗುವ, ಎದುರುಮನೆಯಲ್ಲಿ ಉರ್ದು ಮಾತಾಡುವ ಊರು.

ಬಂದ ಒಂದೆರಡು ವರ್ಷಕ್ಕೆ, ಎಂಬತ್ತರ ಸುಮಾರಿಗೆ, ಅಣ್ಣನನ್ನು ನೋಡಲು ಹೆಣ್ಣಿನ ಕಡೆಯವರು ಬಂದಿದ್ದರು. ಅಡುಗೆಮನೆಯಲ್ಲಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದ ಸುಭದ್ರಮ್ಮನ ಕಿವಿಗೆ ಹೆಣ್ಣಿನ ತಾಯಿಯ ಮಾತು ಬಿತ್ತು: “ತಂಗಿ ಇಲ್ಲೇ ಇರ್ತಾರಾ?” ಅಣ್ಣ ಏನು ಹೇಳಿದನೋ, ಸಾಸಿವೆ ಸಿಡಿಯುವ ಸದ್ದಿನಲ್ಲಿ ಕೇಳಿಸಲಿಲ್ಲ. ಆ ಸಂಬಂಧ ಕೂಡಿ ಬರಲಿಲ್ಲ. ಆಮೇಲೆ ಯಾರೂ ಬರಲೂ ಇಲ್ಲ. ಅಣ್ಣ ಆ ವಿಷಯ ಎತ್ತಲಿಲ್ಲ, ತಂಗಿ ಕೇಳಲಿಲ್ಲ. ಕೇಳದೆ ಉಳಿದ ಮಾತು ಮನೆಯೊಳಗೆ ಬೆಳೆಯುತ್ತಾ ಹೋಗುತ್ತದೆ. ತಾನು ಅಣ್ಣನ ಬಾಳಿಗೆ ಅಂಟಿಕೊಂಡ ಹೊರೆ ಎಂದು ಸುಭದ್ರಮ್ಮ ತೀರ್ಮಾನ ಮಾಡಿಕೊಂಡಳು. ಅಣ್ಣ ಉಂಡ ಮೇಲೆ ಉಣ್ಣುವುದು, ಅಣ್ಣ ಮನೆಯಲ್ಲಿದ್ದಾಗ ರೇಡಿಯೊ ಹಾಕದಿರುವುದು, ತನಗೊಂದು ಸೀರೆ ಬೇಕೆಂದು ಎಂದೂ ಬಾಯಿ ತೆರೆಯದಿರುವುದು, ಹೀಗೆ ತನ್ನನ್ನು ತಾನು ಚಿಕ್ಕದು ಮಾಡಿಕೊಳ್ಳುತ್ತಾ ಬಂದಳು. ಒಂದೇ ಮನೆಯಲ್ಲಿ ಇಬ್ಬರು ಒಳ್ಳೆಯವರು ಬಾಯಿ ಮುಚ್ಚಿಕೊಂಡು ಒಬ್ಬರನ್ನೊಬ್ಬರು ಎಷ್ಟು ಗೋಳುಹೊಯ್ದುಕೊಳ್ಳಬಲ್ಲರು ಎಂಬುದನ್ನು ಆ ಮನೆಯಲ್ಲಿ ನೋಡಬೇಕಿತ್ತು.

ಚಿಪ್ಪಿನ ಕೆಲಸಕ್ಕೆ ಅವಳು ಕೈ ಹಾಕಿದ್ದು ಸಿಟ್ಟಿನಿಂದ. ರಜೆ ಬಂತೆಂದರೆ ಭಗವಂತರಾಯರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ತಮಿಳುನಾಡಿನ ಅರಿಯಲೂರಿನ ಕಡೆಯ ಸುಣ್ಣಕಲ್ಲಿನ ಗಣಿಗಳಿಗೆ ಹೋಗುವರು. ಒಂದು ಕಾಲಕ್ಕೆ ಅಲ್ಲೆಲ್ಲ ಸಮುದ್ರವಿತ್ತಂತೆ. ಬರುವಾಗ ಗೋಣಿಚೀಲದಲ್ಲಿ ಚಿಪ್ಪು ತುಂಬಿಕೊಂಡು ಬಂದು ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಸುರಿಯುವರು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಮಣ್ಣು ಮೆತ್ತಿದ ಚಿಪ್ಪನ್ನು ಎತ್ತಿ ನಾಲಿಗೆಯಿಂದ ನೆಕ್ಕಿ ನೋಡುವರು! ಒದ್ದೆಯಾದರೆ ಗೆರೆ ಎದ್ದು ಕಾಣುತ್ತದೆ ಎಂಬುದು ಅವರ ಸಮಜಾಯಿಷಿ.

“ಎಂಜಲಾತು, ಮೈಲಿಗಿ ಆತು, ಇನ್ನ ಏನೇನು ನೋಡಬೇಕೋ ನಾ,” ಎಂದು ಸುಭದ್ರಮ್ಮ ಒಂದು ದಿನ ಚೊಂಬಿನ ನೀರು ತಂದು ಚಿಪ್ಪಿನ ಮೇಲೆ ಸುರಿದೇಬಿಟ್ಟಳು. “ನೀರು ಹಾಕಿದ್ರ ಕಾಣಂಗಿಲ್ಲೇನು?”

ಭಗವಂತರಾಯರು ನಕ್ಕರು. ಅವರು ನಗುವುದೇ ಅಪರೂಪ. “ಹಂಗಾದ್ರ ನೀನೇ ತೊಳಿ,” ಎಂದರು.

ಚಿಪ್ಪು ತೊಳೆಯುವುದು ಪಾತ್ರೆ ತೊಳೆದ ಹಾಗಲ್ಲ ಎಂದು ತಿಳಿಯಲು ಅವಳಿಗೆ ಬಹಳ ಕಾಲ ಹಿಡಿಯಿತು. ಮೊದಲು ಬರೀ ನೀರಿನಲ್ಲಿ ನೆನೆಹಾಕಬೇಕು. ತೆಗೆದು ನೆರಳಲ್ಲಿ ಒಣಗಿಸಬೇಕು. ಮತ್ತೆ ನೆನೆಹಾಕಬೇಕು. ನೆಂದು ಒಣಗಿ, ನೆಂದು ಒಣಗಿ, ಮಣ್ಣು ತಾನಾಗಿ ಹಿಡಿತ ಬಿಡುತ್ತದೆ. ಅವಸರ ಮಾಡಿದರೆ ಮಣ್ಣಿನ ಜೊತೆ ಚಿಪ್ಪಿನ ಪದರವೂ ಎದ್ದು ಬರುತ್ತದೆ. ಮಣ್ಣು ಹೋದ ಮೇಲೆ ಉಳಿಯುವುದು ಅದರ ಮೈಮೇಲೆ ಬೆಳೆದದ್ದು: ಶಾವಿಗೆ ಎಳೆ ಅಂಟಿಸಿದ ಹಾಗೆ ಸುತ್ತಿಕೊಂಡ ಹುಳುವಿನ ಕೊಳವೆಗಳು, ಜಾಲರಿಯಂಥ ಬಿಳಿ ಪೊರೆ, ದೊಡ್ಡ ಚಿಪ್ಪಿಗೆ ಕಚ್ಚಿಕೊಂಡ ಮರಿ ಚಿಪ್ಪುಗಳು. ಇವಕ್ಕೂ ಒಂದು ಕಾಲಕ್ಕೆ ಜೀವವಿತ್ತು, ಇವೂ ಕಲ್ಲಾದವು. ಆದರೆ ಚಿಪ್ಪಿನ ಎರಡು ಹೋಳು ಕೂಡುವ ಕೀಲಿನ ಜಾಗ ಇವುಗಳಡಿ ಮುಚ್ಚಿಹೋಗಿದ್ದರೆ ಅದು ಯಾವ ಜಾತಿಯದೆಂದು ಗುರುತು ಹತ್ತುವುದಿಲ್ಲ. ಆಗ ಅಷ್ಟನ್ನು ಮಾತ್ರ ಬಿಡಿಸಬೇಕು. ಚಿಪ್ಪನ್ನು ಮರಳಿನ ಗಂಟಿನ ಮೇಲೆ ಅಲುಗಾಡದಂತೆ ಕೂರಿಸಿ, ಬಿದಿರಿನ ಸೀಳಿನಿಂದ ಸಡಿಲಿಸಿ, ಮರದ ಹಿಡಿಗೆ ಸಿಕ್ಕಿಸಿದ ಸೂಜಿಯಿಂದ ಚೂರುಚೂರೇ ಎಬ್ಬಿಸಬೇಕು. ಸೂಜಿಯನ್ನು ನೆಟ್ಟಗೆ ಚುಚ್ಚಬಾರದು, ಓರೆಯಾಗಿ ಹಿಡಿದು ಅಂಚಿನಿಂದ ಒಳಕ್ಕೆ ತಳ್ಳಬೇಕು.

“ಒಂದು ನೆನಪಿಡು,” ಎಂದಿದ್ದರು ಭಗವಂತರಾಯರು. “ಆ್ಯಸಿಡ್ ಮಾತ್ರ ಇದರ ಹತ್ರ ತರಬ್ಯಾಡ. ಚಿಪ್ಪೂ ಸುಣ್ಣ, ಮ್ಯಾಲ ಬೆಳದದ್ದೂ ಸುಣ್ಣ. ಆ್ಯಸಿಡ್ಡಿಗೆ ಎರಡರಾಗ ಫರಕು ತಿಳಿಯಂಗಿಲ್ಲ.”

ಆ್ಯಸಿಡ್ ಎಂದರೆ ಸುಭದ್ರಮ್ಮನ ಮಟ್ಟಿಗೆ ಪಾಯಖಾನೆ ತೊಳೆಯುವ ಬಾಟಲಿ. ಅದನ್ನು ಅವಳು ಹಿತ್ತಿಲಿನಿಂದಲೇ ದೂರ ಮಾಡಿ ಬೀಗ ಹಾಕಿಟ್ಟಳು.

ಎದುರುಮನೆಯ ಜಹನಾರಾಗೆ ಇದೆಲ್ಲ ದೊಡ್ಡ ತಮಾಷೆ. ಅವಳ ಗಂಡನಿಗೆ ಶಿವಾಜಿನಗರದಲ್ಲಿ ಬಟ್ಟೆ ವ್ಯಾಪಾರ; ಮಧ್ಯಾಹ್ನ ಹೊತ್ತು ಹೋಗದಾಗ ಬಂದು ಹಿತ್ತಿಲ ಕಟ್ಟೆಯ ಮೇಲೆ ಕೂರುವಳು. ಒಂದು ದಿನ ಹಳೆಯ ಸುರ್ಮಾ ಕಡ್ಡಿ ತಂದುಕೊಟ್ಟಳು. “ತಗೊಳ್ಳಿ ಅಕ್ಕಾ, ಇದ್ರಲ್ಲಿ ಮಾಡಿ ನೋಡಿ. ಕಣ್ಣೊಳಗೇ ಆಡ್ಸೋ ಕಡ್ಡಿ, ನಿಮ್ ಕಲ್ಲಿಗೆ ಏನ್ ಮಾಡತ್ತೆ?” ನಿಜವೇ. ಕಿರಿದಾದ ಸಂದಿಗೆ ಸೂಜಿಗಿಂತ ಅದೇ ಹಿತವಾಗಿತ್ತು.

ವರ್ಷಗಳು ಹೋದವು. ಮೊದಮೊದಲು ಭಗವಂತರಾಯರು ಅವಳು ಮಾಡಿದ ಪ್ರತಿ ಚಿಪ್ಪನ್ನೂ ಭೂತಗನ್ನಡಿಯಲ್ಲಿ ನೋಡಿ, ಇಲ್ಲಿ ಗೀರು ಬಿತ್ತು, ಅಲ್ಲಿ ಮಣ್ಣು ಉಳಿತು ಎಂದು ತೋರಿಸುತ್ತಿದ್ದರು. ತೊಂಬತ್ತಾರರ ಹೊತ್ತಿಗೆ ಅದು ನಿಂತಿತು. ಚಿಪ್ಪನ್ನು ಕೈಗೆ ತೆಗೆದುಕೊಂಡು, ಹೆಬ್ಬೆರಳಿನಿಂದ ಒಮ್ಮೆ ಸವರಿ, “ಛಲೋ ಆಗೇದ” ಎಂದು ಕೆಳಗಿಡುವರು. ಹೊಸ ಚಿಪ್ಪುಗಳನ್ನೂ ತಾವು ಮುಟ್ಟದೆ ಅವಳಿಗೇ ಕೊಡತೊಡಗಿದರು; ಗೆರೆ ಎಷ್ಟಿವೆ, ಹೇಗಿವೆ ಎಂದು ಅವಳ ಬಾಯಲ್ಲೇ ಕೇಳುವರು. ಬೇರೆ ಯಾರಾದರೂ ಆಗಿದ್ದರೆ ಹಿಗ್ಗುತ್ತಿದ್ದರು. ಸುಭದ್ರಮ್ಮ ಹಿಗ್ಗಲಿಲ್ಲ. ಅಣ್ಣ ನೋಡುವ ಗೋಜಿಗೂ ಹೋಗುತ್ತಿಲ್ಲವೆಂದರೆ ಇದು ಕೆಲಸವೇ ಅಲ್ಲ, ತಂಗಿಯ ಕೈಗೆ ಏನಾದರೂ ಕೊಟ್ಟು ಕೂರಿಸುವ ಉಪಾಯ ಎಂದುಕೊಂಡಳು. ಮಕ್ಕಳ ಕೈಗೆ ಬಟಾಣಿ ಬಿಡಿಸಲು ಕೊಡುವುದಿಲ್ಲವೇ, ಹಾಗೆ.

ತೊಂಬತ್ತೆಂಟರ ಮಳೆಗಾಲದಲ್ಲಿ ಭಗವಂತರಾಯರ ಮನಸ್ಸೆಲ್ಲ ಒಂದೇ ಚಿಪ್ಪಿನ ಮೇಲೆ ನೆಟ್ಟಿತ್ತು. ಅಂಗೈಯಗಲದ ಚಿಪ್ಪು, ಅದರ ಅಂಚಿನ ಹತ್ತಿರ ಹೆಬ್ಬೆಟ್ಟಿನಷ್ಟು ಇನ್ನೊಂದು ಚಿಪ್ಪು ಕಚ್ಚಿಕೊಂಡಿತ್ತು, ಎರಡರ ಮೇಲೂ ಗಟ್ಟಿ ಬಿಳಿ ಪೊರೆ. ಸಂಜೆ ಕಾಲೇಜಿನಿಂದ ಬಂದು ಕಿಟಕಿಯ ಬಳಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರುವರು. ನಿವೃತ್ತಿ ಹತ್ತಿರವಾಗಿತ್ತು. ಅದಕ್ಕೆ ಮೊದಲು ಇದೊಂದರ ಬಗ್ಗೆ ಬರೆದು ಅಚ್ಚು ಹಾಕಿಸಬೇಕು ಎಂಬ ಆಸೆ ಅವರಿಗೆ. ಜೀವಮಾನದಲ್ಲಿ ಅವರು ಬಾಯಿಬಿಟ್ಟು ಹೇಳಿಕೊಂಡ ಆಸೆ ಬಹುಶಃ ಅದೊಂದೇ.

“ಇದರಾಗ ಅಂಥಾದ್ದೇನದ ಅಣ್ಣಾ?” ಎಂದು ಸುಭದ್ರಮ್ಮ ಕೇಳಿದಳು.

“ದೊಡ್ಡದು ಸತ್ತ ಮ್ಯಾಲ ಸಣ್ಣದು ಬಂದು ಕೂತದೋ, ದೊಡ್ಡದು ಜೀವಂತ ಇದ್ದಾಗೇ ಕೂತದೋ, ಅದು ಗೊತ್ತಾಗಬೇಕು. ಜೀವಂತ ಇದ್ದಾಗ ಕೂತಿದ್ರ, ದೊಡ್ಡದು ಬೆಳೀತಾ ಬೆಳೀತಾ ತನ್ನ ಅಂಚು ಬಾಗಿಸಿ ಅದಕ್ಕ ಜಾಗ ಬಿಟ್ಟಿರ್ತದ. ಅಂಚಿನ ಗೆರಿ ನೋಡಿದ್ರ ತಿಳೀತದ. ಈಗ ಮುಚ್ಚಿಬಿಟ್ಟದ.”

“ಬಿಡಿಸಲೇನು?”

“ಬ್ಯಾಡ. ಇದೊಂದು ನಾ ನೋಡ್ತೀನಿ. ಅರಿಯಲೂರಿಗೆ ಹೋಗಿ ಬರ್ತೀನಿ ತಡಿ.”

ಆ ಮಾತು ಸುಭದ್ರಮ್ಮನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಬೇಡವಾದವೆಲ್ಲ ತನಗೆ, ಬೇಕಾದದ್ದು ಅಣ್ಣನಿಗೆ. ಅದರ ಜೊತೆಗೆ ಆ ಮರಿ ಚಿಪ್ಪಿನ ಮೇಲೆ ಅವಳಿಗೆ ಹೇಳಲಾಗದ ಕಕ್ಕುಲಾತಿ. ಸತ್ತ ಮೇಲೆ ಬಂದು ಕೂತಿದ್ದರೆ ಯಾರಿಗೂ ಭಾರವಿಲ್ಲ. ಜೀವವಿದ್ದಾಗಲೇ ಕೂತು, ಆ ದೊಡ್ಡದು ಬದುಕಿರುವಷ್ಟು ಕಾಲ ಇದನ್ನು ಹೊತ್ತಿದ್ದರೆ? ಹೊತ್ತದ್ದು ಜಾಗ ಬಿಟ್ಟುಕೊಟ್ಟಿತೋ, ಸುಮ್ಮನೆ ಅನುಭವಿಸಿತೋ? ಇದನ್ನು ತಿಳಿಯಬೇಕೆಂಬ ಹಟ ಅಣ್ಣನಿಗಿಂತ ತಂಗಿಗೇ ಹೆಚ್ಚಾಯಿತು.

ದಸರಾ ರಜೆಗೆ ಭಗವಂತರಾಯರು ವಿದ್ಯಾರ್ಥಿಗಳ ಜೊತೆ ಹೊರಟರು. ಆಯುಧಪೂಜೆಯ ಹೊತ್ತಿಗೆ ವಾಪಸು ಬರುವವರಿದ್ದರು. ಅವರ ಮನೆಯಲ್ಲಿ ಆಯುಧಪೂಜೆಯೆಂದರೆ ಸುತ್ತಿಗೆ, ಚಾಣ, ಭೂತಗನ್ನಡಿ ಎಲ್ಲವನ್ನೂ ತೊಳೆದು ದೇವರ ಮುಂದಿಟ್ಟು, ಆ ವರ್ಷದ ಅತಿ ಚೆಂದದ ಚಿಪ್ಪೊಂದನ್ನು ನಡುವೆ ಕೂರಿಸುವುದು. ಈ ಸಲ ಯಾವುದು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಸುಭದ್ರಮ್ಮ ಹಿತ್ತಿಲಲ್ಲಿ ಹಿತ್ತಾಳೆ ದೀಪಗಳನ್ನು ಹುಣಸೆಹುಳಿ ಹಚ್ಚಿ ಬೆಳಗುತ್ತಿದ್ದಳು. ಪಕ್ಕದಲ್ಲೇ ಬಚ್ಚಲಿನ ತಾಮ್ರದ ಹಂಡೆ. ಬೋರಿನ ನೀರಿಗೆ ಹಂಡೆಯೊಳಗೆ ಬಿಳಿ ಪೊರೆ ಕಟ್ಟುತ್ತಿತ್ತು. ಅದಕ್ಕೂ ಹುಣಸೆಹುಳಿ ಬಳಿದಿದ್ದಳು. ಪೊರೆ ನೊರೆನೊರೆಯಾಗಿ ಬಿಟ್ಟುಕೊಂಡು ಬರುತ್ತಿತ್ತು. ಸುಭದ್ರಮ್ಮನ ಕಣ್ಣು ಆ ಪೊರೆಯಿಂದ ಕಿಟಕಿಯಲ್ಲಿದ್ದ ಚಿಪ್ಪಿನ ಪೊರೆಗೆ ಹೋಯಿತು. ಎರಡೂ ಒಂದೇ ಬಿಳುಪು, ಒಂದೇ ಒರಟು. ಅಣ್ಣ ಬೇಡ ಎಂದದ್ದು ಆ್ಯಸಿಡ್ಡು. ಇದು ದಿನಾ ಸಾರಿಗೆ ಹಾಕುವ ಹುಣಸೆಹಣ್ಣು. ತಿನ್ನುವ ಪದಾರ್ಥ ಕಲ್ಲನ್ನು ತಿನ್ನುತ್ತದೆ ಎಂದು ಯಾರಿಗೆ ತಾನೇ ಹೊಳೆಯುತ್ತದೆ? ಅಣ್ಣ ಬರುವಷ್ಟರಲ್ಲಿ ಚಿಪ್ಪು ಬೆಳ್ಳಗೆ ದೇವರ ಮುಂದೆ ಕೂತಿರಬೇಕು, ಅಂಚಿನ ಗೆರೆ ಎದ್ದು ಕಾಣಬೇಕು, ‘ಇದನ್ನ ಯಾರು ಮಾಡಿದ್ರು?’ ಎಂದು ಅಣ್ಣ ಕೇಳಬೇಕು. ಈ ಮನೆಯಲ್ಲಿ ತನ್ನ ಅನ್ನ ತಾನು ದುಡಿದು ಉಂಡೆ ಎಂದು ಒಂದು ದಿನವಾದರೂ ಅನ್ನಿಸಬೇಕು.

ಚಿಪ್ಪನ್ನು ತಂದು ಹುಳಿಯನ್ನು ಗಟ್ಟಿಯಾಗಿ ಹಚ್ಚಿದಳು. ಸಣ್ಣ ಸಣ್ಣ ಗುಳ್ಳೆ ಎದ್ದವು. ಕೊಳೆ ಬಿಡುತ್ತಿದೆ ಎಂದು ಇನ್ನಷ್ಟು ಹಚ್ಚಿ, ಅಡುಗೆ ಮುಗಿಯುವ ತನಕ ಹಾಗೇ ಬಿಟ್ಟಳು. ಆಮೇಲೆ ತೆಂಗಿನ ನಾರು ತೆಗೆದುಕೊಂಡು ತಿಕ್ಕಿದಳು. ಜಹನಾರಾ ಕಟ್ಟೆಯ ಮೇಲೆ ಕೂತು, “ಎಷ್ಟ್ ಬೆಳ್ಳಗಾಯ್ತಲ್ಲಾ ಅಕ್ಕಾ!” ಎಂದಳು. ಅವಳು ಹಾಗನ್ನುತ್ತಿರುವಾಗಲೇ ಮರಿ ಚಿಪ್ಪು ಕಳಚಿ ಸುಭದ್ರಮ್ಮನ ಕೈಗೆ ಬಂತು.

ನೀರು ಹಾಕಿ ತೊಳೆದು ನೋಡಿದಳು. ಬೆರಳಿಗೆ ಮೊದಲು ತಿಳಿಯಿತು. ಗೆರೆಗಳಿರಬೇಕಾದ ಕಡೆ ಸೀಮೆಸುಣ್ಣದ ನುಣುಪು. ಸುಭದ್ರಮ್ಮ ನಾರನ್ನು ಒಗೆಯುವ ಕಲ್ಲಿನ ಮೇಲಿಟ್ಟಳು. “ಏನಾಯ್ತಕ್ಕಾ?” ಎಂದು ಜಹನಾರಾ ಕೇಳಿದರೆ ಅಂಗೈಯಲ್ಲಿದ್ದ ಮರಿ ಚಿಪ್ಪನ್ನು ತೋರಿಸಿದಳು.

ಮರುದಿನ ಭಗವಂತರಾಯರು ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಆಟೋದಲ್ಲಿ ಬಂದರು. ಅವರು ಚಪ್ಪಲಿ ಬಿಡುವ ಮೊದಲೇ ಸುಭದ್ರಮ್ಮ ಚಿಪ್ಪನ್ನೂ ಕಳಚಿದ ತುಂಡನ್ನೂ ತಟ್ಟೆಯಲ್ಲಿಟ್ಟು ಮುಂದೆ ಹಿಡಿದಳು. ಮುಚ್ಚಿಡುವ ಬುದ್ಧಿ ಅವಳದಲ್ಲ. “ಹುಣಸಿಹುಳಿ ಹಚ್ಚಿ ತಿಕ್ಕಿದೆ ಅಣ್ಣಾ. ಕೆಡಿಸಿಬಿಟ್ಟೆ,” ಎಂದಳು.

ಅವರು ಚಿಪ್ಪನ್ನು ಕೈಗೆ ತೆಗೆದುಕೊಂಡು ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಮತ್ತೊಮ್ಮೆ ಸವರಿದರು. ತಟ್ಟೆಯಲ್ಲಿಟ್ಟು ಸ್ನಾನಕ್ಕೆ ಹೋದರು. ಪೂಜೆಗೆ ಸುತ್ತಿಗೆ, ಚಾಣ ಇಟ್ಟರು. ನಡುವಿನ ಜಾಗ ಖಾಲಿ ಬಿಟ್ಟರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದಳು. ಆ ಖಾಲಿ ಜಾಗ ನೋಡಿ ಸುಭದ್ರಮ್ಮ ಬಡಿಸಿಕೊಂಡ ತಟ್ಟೆಯನ್ನು ಹಾಗೇ ಎತ್ತಿಟ್ಟಳು. ಮದುವೆ ತಪ್ಪಿಸಿದ್ದಾಯಿತು, ಈಗ ಕಡೆಯ ಆಸೆಯನ್ನೂ ತಿಕ್ಕಿ ತೊಳೆದದ್ದಾಯಿತು, ಇನ್ನು ಯಾವ ಮುಖ ಹೊತ್ತು ಇಲ್ಲಿರಲಿ ಎಂದುಕೊಂಡಳು.

ವಿಜಯದಶಮಿಯ ಮಧ್ಯಾಹ್ನ ಅವಳು ಸೀರೆಗಳನ್ನು ಟ್ರಂಕಿಗೆ ತುಂಬಿ, ಟ್ರಂಕನ್ನು ಒಳಮನೆಯ ಬಾಗಿಲ ಬಳಿ ತಂದಿಟ್ಟಳು. ಅಣ್ಣ ಕಿಟಕಿಯ ಹತ್ತಿರ ಕೂತಿದ್ದರು. “ಅಣ್ಣಾ, ನಾ ಸಂಜಿ ಗಾಡಿಗೆ ಕಲಬುರ್ಗಿಗೆ ಹೋಗ್ತೀನಿ. ಮೈದುನನ ಮನ್ಯಾಗ ಇರ್ತೀನಿ.”

ಭಗವಂತರಾಯರು ತಲೆಯೆತ್ತಲಿಲ್ಲ. “ಹೋಗೂದಿದ್ರ ಹೋಗು. ಅದಕ್ಕ ಮೊದಲ ಇಲ್ಲಿ ಬಾ. ಇದರ ಅಂಚು ನೋಡಿ ಹೇಳು.” ಚಿಪ್ಪನ್ನೂ ಭೂತಗನ್ನಡಿಯನ್ನೂ ಮುಂದೆ ಚಾಚಿದರು.

“ನಾನೇನು ನೋಡಲಿ? ನೀನೇ ನೋಡು.”

“ನನಗ ಕಂಡಿದ್ರ ನಿನ್ನ ಯಾಕ ಕೇಳ್ತಿದ್ದೆ?”

ಮೊದಲಿಗೆ ಅವಳಿಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು, ತರಗತಿಯಲ್ಲಿ ಪಾಠ ಒಪ್ಪಿಸುವ ದನಿಯಲ್ಲಿ. ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಗೆ ಇಳಿದಿತ್ತು. ಎರಡು ವರ್ಷದಿಂದ ಸಣ್ಣ ಗೆರೆ ಕಾಣುತ್ತಿರಲಿಲ್ಲ. ಈಗ ಎದುರಿನವರ ಮುಖವೂ ಮಸುಕು. ಲೇಸರ್ ಮಾಡಿಸಿದ್ದೂ ಆಗಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದೂ ನಿಲ್ಲುವ ಭರವಸೆಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಪಾಠ ಬಾಯಿಪಾಠದಿಂದ ನಡೆಯುತ್ತಿತ್ತು, ಗಣಿಯಲ್ಲಿ ಹುಡುಗರ ಕೈ ಹಿಡಿದು ನಡೆಯುತ್ತಿದ್ದರು. ಈ ಚಿಪ್ಪನ್ನು ತಾನೇ ನೋಡುತ್ತೇನೆ ಎಂದದ್ದೂ ಬರೀ ಹಟ. ಎಷ್ಟೋ ಸಂಜೆ ಕಿಟಕಿಯಲ್ಲಿ ಕೂತು ನೋಡಲು ಹೆಣಗಾಡಿ ಸೋತದ್ದನ್ನು ತಂಗಿಗೆ ಹೇಳಲು ಅವರಿಗೆ ನಾಲಿಗೆ ಏಳಲಿಲ್ಲ.

“ಎರಡು ವರ್ಷ ಆತು,” ಎಂದರು ಭಗವಂತರಾಯರು. “ನಾ ನೋಡಿದೆ ಅಂತ ಕಾಲೇಜಿನ್ಯಾಗ ಹೇಳಿದ್ದೆಲ್ಲಾ ನೀ ನೋಡಿದ್ದು.”

ಸುಭದ್ರಮ್ಮ ಭೂತಗನ್ನಡಿ ಹಿಡಿದು ಬೆಳಕಿಗೆ ಕೂತಳು. ಮರಿ ಚಿಪ್ಪನ್ನು ಮಗುಚಿದಳು. ಅದರ ತಳಕ್ಕೆ ಹುಳಿ ತಾಗಿರಲಿಲ್ಲ. ದೊಡ್ಡದರ ಗೆರೆಗಳು ಅಲ್ಲಿ ಅಚ್ಚೊತ್ತಿದ ಹಾಗೆ ಮೂಡಿದ್ದವು; ಅಂದರೆ ಅದು ಅಲ್ಲಿ ಕೂತು ಬೆಳೆದದ್ದು ನಿಜ. ದೊಡ್ಡದರ ಅಂಚನ್ನು ನೋಡಿದಳು. ಎಡದಿಂದ ನೋಡಿದಳು, ಬಲದಿಂದ ನೋಡಿದಳು, ನೀರು ಸವರಿ ನೋಡಿದಳು. ಬಾಗಿತ್ತೋ ಇಲ್ಲವೋ, ಹೇಳಬೇಕಾದ ಜಾಗವೇ ಅಲ್ಲಿರಲಿಲ್ಲ.

ಅಣ್ಣ ಕಾಯುತ್ತಿದ್ದರು. ಅವರ ಮುಖದಲ್ಲಿ ಆಸೆ ಎಷ್ಟು ಬತ್ತಲೆಯಾಗಿತ್ತೆಂದರೆ ಸುಭದ್ರಮ್ಮನಿಗೆ ನೋಡಲಾಗಲಿಲ್ಲ. ಬಾಗಿದೆ ಅಂದರೆ ಮುಗಿಯಿತು. ಅವರು ನಂಬುವರು, ಬರೆಸುವರು, ನೆಮ್ಮದಿಯಾಗಿ ನಿವೃತ್ತರಾಗುವರು. ತನ್ನ ತಪ್ಪೂ ಮುಚ್ಚಿಹೋಗುವುದು. ಅಷ್ಟೇ ಏಕೆ, ಆ ಮಾತು ಅವಳಿಗೂ ಬೇಕಿತ್ತು. ದೊಡ್ಡದು ಜೀವವಿದ್ದಾಗಲೇ ಚಿಕ್ಕದಕ್ಕೆ ಜಾಗ ಬಿಟ್ಟಿತು ಎಂಬ ಮಾತನ್ನು ಅವಳು ಎಷ್ಟೋ ವರ್ಷದಿಂದ ಯಾರ ಬಾಯಲ್ಲಾದರೂ ಕೇಳಲು ಹಂಬಲಿಸಿದ್ದಳು.

“ಇಲ್ಲಣ್ಣಾ,” ಎಂದಳು. “ಇಲ್ಲಿ ಕೂತಿತ್ತು ಅನ್ನೋದು ಖರೆ. ಯಾವಾಗ ಕೂತಿತ್ತೋ ಹೇಳಾಕ ಬರಂಗಿಲ್ಲ. ಅಂಚ ಇಲ್ಲ. ನಾನೇ ತಿಕ್ಕಿ ತೆಗದೀನಿ.”

“ಛಂದಾಗಿ ನೋಡಿದಿ?”

“ನೋಡಿದೆ.”

“ಬಾಗೇದ ಅಂದಿದ್ರ ನಾ ನಂಬ್ತಿದ್ದೆ,” ಎಂದರು ಭಗವಂತರಾಯರು.

“ಗೊತ್ತದ.”

“ಆದ್ರೂ ನೀ ಅನ್ನಲಿಲ್ಲ.” ಅವರು ಕೈಚಾಚಿ ಚಿಪ್ಪನ್ನು ವಾಪಸು ಪಡೆದು ಕಿಟಕಿಯ ಮೇಲಿಟ್ಟರು. ಆ ಆಸೆಯ ಕಥೆ ಅಲ್ಲಿಗೆ ಮುಗಿಯಿತು. ಅವರು ಅದರ ಬಗ್ಗೆ ಮುಂದೆ ಎಂದೂ ಬರೆಯಲಿಲ್ಲ.

ಸುಭದ್ರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಗಾಡಿಗೆ ಹೊತ್ತಾಗುತ್ತಿತ್ತು. ಭಗವಂತರಾಯರೂ ಎದ್ದು ನೀರು ಕುಡಿಯಲೆಂದು ಒಳಮನೆಯ ಕಡೆ ಹೊರಟರು. ಅವರ ಕಾಲು ಟ್ರಂಕಿಗೆ ಬಡಿಯಿತು. ಮುಗ್ಗರಿಸಿ ಬಾಗಿಲ ಚೌಕಟ್ಟು ಹಿಡಿದು ನಿಂತುಕೊಂಡರು. ತಂಗಿ ಓಡಿಬಂದು ತೋಳು ಹಿಡಿದಳು. ಇಷ್ಟು ವರ್ಷದಲ್ಲಿ ಅವಳು ಅಣ್ಣನ ತೋಳು ಹಿಡಿದದ್ದು ಅದೇ ಮೊದಲು.

“ಸುಭದ್ರಾ,” ಎಂದರು ಭಗವಂತರಾಯರು, ಅವಳ ಮುಖ ಎಲ್ಲಿದೆಯೆಂದು ಹುಡುಕುತ್ತಾ, “ಇದನ್ನ ಇಲ್ಲಿಂದ ತಗಿ. ಹೋಗಬ್ಯಾಡ. ನನಗ ಭಾಳ ಅಂಜಿಕಿ ಆಗ್ತದ.”

ಸುಭದ್ರಮ್ಮ ಒಂದು ಕೈಯಲ್ಲಿ ಅಣ್ಣನನ್ನು ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಟ್ರಂಕನ್ನು ಎಳೆದು ಮಂಚದ ಕೆಳಗೆ ತಳ್ಳಿದಳು.